ಧೂಳಿನ ಜಮಾ-ಖರ್ಚು

ಬ್ಯಾಡಗಿಯೊಳಗ ಧೂಳು ಮಣ್ಣಿನ ಬಣ್ಣ ಇರೂದಿಲ್ಲ.
ಮಾರ್ಕೆಟಿನ ಗೋಡಿ ಹಿಂದ ನನ್ನ ಖೋಲಿ,
ಫೆಬ್ರುವರಿ ಬಂತಂದ್ರ ಕಿಡಕಿ ಹಾಕಿದ್ರೂ
ಹಲ್ಲಿ ಸೈತ ಕೆಂಪಗ ಕಾಣತೈತಿ.

ಇರೂದು ಒಂದ ಟೇಬಲ್ಲು.
ಎಡಕ್ಕ ಕಂಪ್ಯೂಟರು:
ಕೊಟ್ರಬಸಪ್ಪನವರ ಅಡತಿಯ ಚೀಲ, ತೂಕ, ಹಮಾಲಿ, ದಲಾಲಿ.
ಬಲಕ್ಕ ನನ್ನ ಸುಖ:
ಕೀಲಿ ಕೊಡೂ ಹಳೇ ಕೈಗಡಿಯಾರ,
ಬಾಟಲಿ ಮುಚ್ಚಳದಾಗ ಎಳ್ಳಿಗಿಂತ ಸಣ್ಣ ಸ್ಕ್ರೂ,
ಒಂದು ಚಿಮಟಿಗಿ, ಕಣ್ಣಿಗೆ ಸಿಗಿಸೂ ಭೂತಗನ್ನಡಿ.
ಯಾರೂ ಮಾಡು ಅಂದಿಲ್ಲ, ಯಾರೂ ರೊಕ್ಕ ಕೊಡೂದಿಲ್ಲ.
ನಿಂತದ್ದು ನಡದ್ರ ಸಾಕು,
ನಾ ರಾತ್ರಿ ಊಟ ಮರೀತೀನಿ.

ಹೋದ ವಾರ ಕಂಪ್ಯೂಟರು ಗಿರಣಿ ಹಂಗ ಗುರ್ ಅಂದು
ಮುನ್ನೂರಾ ಹನ್ನೆರಡನೇ ಚೀಲದ ಹತ್ರ ಆರಿಹೋತು.
ರಿಪೇರಿ ಹುಡುಗ ಫೋನಿನ್ಯಾಗ ಅಂದ:
ಗಾಳಿ ಡಬ್ಬಿ ತರಸರಿ, ಆರುನೂರು.
ಗಾಳಿಗೆ ಆರುನೂರಾ?
ಮೋಟೆಬೆನ್ನೂರ ಕಡಿಂದ ದಿನಾ ಸಂಜಿ ಪುಕ್ಕಟ ಬೀಸತೈತಿ.

ಔಷಧ ಅಂಗಡಿಯೊಳಗ
ಕೂಸಿನ ಮೂಗು ಜಗ್ಗೂ ರಬ್ಬರ್ ಬುಗ್ಗಿ, ನಲವತ್ತು.
ಸಾಲಿ ಮಕ್ಕಳ ಬಣ್ಣದ ಬ್ರಷ್ಷು, ಅಗಲದ್ದು, ಇಪ್ಪತ್ತೈದು.
"ಕೂಸು ಗಂಡೋ ಹೆಣ್ಣೋ?" ಕೇಳಿದ ಅಂಗಡಿಯಂವ.
"ಕಬ್ಬಿಣದ್ದು" ಅಂದೆ.

ಹಜರೇಸಾಬ ಸೈಕಲ್ ಪಂಪು ಹೊತಗೊಂಡು ತಾನ ಬಂದ.
ಬಾಡಿಗಿ: ಚಹಾ.
ವಾಯರು ಕಿತ್ತು, ಅಂಗಳಕ್ಕ ತಂದು,
ಡಬ್ಬಿಯ ಮಗ್ಗಲು ಬಿಚ್ಚಿದ್ರ
ಒಳಗ ಇಡೀ ಸುಗ್ಗಿ ಮಲಗಿತ್ತು.
ಫ್ಯಾನಿನ ರೆಕ್ಕಿಗೆ ಕೆಂಪು ಕಂಬಳಿ,
ಜಾಳಿಗಿಯೊಳಗ ಒಂದು ಮೆಣಸಿನಬೀಜ,
ಹಳದಿ, ತುಂಬಿದ್ದು,
ಯಾವ ಬಿಲ್ಲಿನ್ಯಾಗೂ ಇಲ್ಲದ್ದು.

ಮೊದಲ ಫ್ಯಾನಿನ ನಡಕ ಪೆನ್ಸಿಲ್ ಸಿಗಿಸಿದೆ,
ಇಲ್ಲಂದ್ರ ಗಾಳಿಗೆ ಹುಚ್ಚರಂಗ ತಿರಗಿ ಕೆಡತೈತಿ ಅದು.
"ಹೊಡಿ" ಅಂದೆ.
ಹಜರೇಸಾಬ ಒತ್ತಿದ.
ಒಂದು ಮೋಡ ಎದ್ದು, ಗೋಡಿ ದಾಟಿ,
ಬಾಜೂಮನಿ ನೀಲವ್ವ ಒಣಾ ಹಾಕಿದ
ಬಿಳೇ ಪತ್ಲದ ಮ್ಯಾಲ ಕುಂತಿತು.
ಆಕಿ ಬೈದದ್ದನ್ನ ಇಲ್ಲಿ ಬರಿಯೂದಿಲ್ಲ.
ನಮ್ಮ ಮೆಣಸಿನಕಾಯಿ ಸ್ವಭಾವ ಅದು:
ಖಾರ ಕಡಿಮಿ, ಬಣ್ಣ ಬಿಡೂದಿಲ್ಲ.

"ಧೂಳು ಎಲ್ಲಿಗೂ ಹೋಗೂದಿಲ್ಲ ನಿಂಬಕ್ಕ,"
ಕಣ್ಣು ಒರಸಿಕೋಂತ ಹಜರೇಸಾಬ ಅಂದ,
"ಬರೇ ಮನಿ ಬದಲಿ ಮಾಡತೈತಿ."

ಸಂಜಿ, ಹಳೇ ಬನಿಯನ್ ತೊಯ್ಸಿ, ಗಟ್ಟಿ ಹಿಂಡಿ,
ಟೇಬಲ್ ಒರಸಿದೆ. ಒಣಾ ಬಟ್ಟಿ
ಧೂಳು ಎಬ್ಬಸತೈತಿ, ಹಸೀದು ಹಿಡಕೋತೈತಿ.
ಆಮ್ಯಾಲ ಗಡಿಯಾರದ ಕಡೆ ತಿರುಗಿದೆ.
ಸಂತ್ಯಾಗ ತಂದದ್ದು.
ಬೆನ್ನ ಮ್ಯಾಲ ಕೆತ್ತಿದ ಹೆಸರು ಅರ್ಧ ಸವದು
'...ಶಪ್ಪ, ಬೆಟಗೇರಿ' ಅಂತಷ್ಟ ಉಳದಿತ್ತು.

ಮುಚ್ಚಳ ತಗದೆ.
ಒಳಗ ಕೆಂಪಿಲ್ಲ.
ಚಕ್ರದ ಹಲ್ಲಿಗೆ ಸಿಕ್ಕು
ಬೆಳ್ಳಗ, ಮೆತ್ತಗ, ಹತ್ತಿಯ ಒಂದು ಎಳಿ.
ಮಗ್ಗದ ಮುಂದ ಕುಂತ ಕೈಯಿ
ಯಾವಾಗೋ ಹೊತ್ತು ನೋಡಿಕೊಂಡ ಗುರುತು.

ಬುಗ್ಗಿ ಹಿಡಕೊಂಡು ಭಾಳ ಹೊತ್ತು ಕುಂತೆ.
ಆಮ್ಯಾಲ ಒತ್ತಿದೆ. ಪುಸ್.
ಟಿಕ್ ಅಂತು. ನಿಂತಿತು.
ಟಿಕ್ ಟಿಕ್ ಅಂತು.
ಎಳಿ ಎಲ್ಲಿ ಬಿತ್ತೋ,
ಭೂತಗನ್ನಡಿ ಹಾಕ್ಕೊಂಡು, ನೆಲದ ಮ್ಯಾಲ ಮೊಣಕಾಲೂರಿ
ಹುಡುಕಿದೆ. ಸಿಗಲಿಲ್ಲ.

ಮುಂಜಾನಿ ಎದ್ದು ನೋಡಿದ್ರ
ಟೇಬಲ್ಲಿನ ಮ್ಯಾಲ ಆಗಲೇ ತೆಳ್ಳಗ ಒಂದು ಕೆಂಪು.
ಬೆರಳಿಂದ ಅದರಾಗ ಬರದೆ:
ಬುಗ್ಗಿ ೪೦
ಬ್ರಷ್ಷು ೨೫
ಚಹಾ ಎರಡು ೨೦
ಒಟ್ಟು ಖರ್ಚು ೮೫.
ಜಮಾ ಕಡೆ ಬರಿಯಾಕ ಬೆರಳು ಎತ್ತಿದೆ,
ಸೀನು ಬಂತು.