ಗುಂಡುಸೂಜಿ

ಸ್ಕಿಪ್ಸೀ ಊರಿನ ಹಿಲ್ಡಾ ಗಾರ್ಬಟ್‌ಳ ವಸತಿಗೃಹ
ಫೋನಿನ ನಕ್ಷೆಯಲ್ಲಿ ನೀರಿನೊಳಗಿದೆ.
ಕೆಂಪು ಗುಂಡುಸೂಜಿ, ಅದರಡಿ ನಾಲ್ಕೂವರೆ ನಕ್ಷತ್ರ,
'ಈಗ ತೆರೆದಿದೆ.'

ಬಂದವರು ದಿಬ್ಬದ ತುದಿಯಲ್ಲಿ ಕಾರು ನಿಲ್ಲಿಸಿ
ಕರೆ ಮಾಡುತ್ತಾರೆ: ಇಲ್ಲಿ ಬರೀ ಕಡಲು ಕಣ್ರೀ!
ಟಾರ್ಚು ಹಿಡಿದು ಹೊರಡುತ್ತಾಳೆ, ಗೊಣಗುತ್ತ,
ಮನೆಚಪ್ಪಲಿಯಲ್ಲೇ.

ಸೂಜಿಯದೇನೂ ತಪ್ಪಿಲ್ಲ. ಹಳೇ ಮನೆ ಅಲ್ಲೇ ಇತ್ತು,
ಆರು ಕೋಣೆ, ನೀಲಿ ಬಾಗಿಲು.
ಒಂದು ಮಾರ್ಚ್ ತಿಂಗಳು ಮೊದಲು ಕೋಳಿಗೂಡು ಹೋಯಿತು,
ಆಮೇಲೆ ಅಡುಗೆಮನೆ, ಒಲೆಯ ಸಮೇತ.

ತಿದ್ದಿರೆಂದು ಮೂರು ಸಲ ಬರೆದಾಗಿತ್ತು.
ಇವತ್ತು ಬಂತು ಉತ್ತರ:
'ಹಳೆಯ ಜಾಗವನ್ನು ಶಾಶ್ವತವಾಗಿ ಅಳಿಸಲೇ?'

ಬೆರಳೆಲ್ಲ ಹಿಟ್ಟು. ಒರೆಸಿಕೊಂಡಳು.
ಮತ್ತೊಮ್ಮೆ ಒರೆಸಿಕೊಂಡಳು.
ಅಷ್ಟರಲ್ಲಿ ದಿಬ್ಬದ ಮೇಲೆ
ಯಾರದೋ ಕಾರಿನ ದೀಪ.
ಟಾರ್ಚು ಹುಡುಕಿದಳು.