ನಿಂತದ್ದಕ್ಕೆ ಇಪ್ಪತ್ತನಾಲ್ಕು

ಗದ್ದೆಯ ಮಣ್ಣು, ಒಂದು ಹಿಡಿ ಬೂದಿ, ಅರ್ಧ ಚಮಚ ಹರಳೆಣ್ಣೆ.
ಒಳಗಿನ ಎಲುಬಿಗೆ
ಕಳೆದ ವಾರ ಒಂಟಿಸಲಗ ತುಳಿದು ಮಲಗಿಸಿದ
ಸೋಲಾರ್ ಬೇಲಿಯ ತಂತಿ.
ಮಾಲ್ದಾರೆ ಶಾಲೆಯ ಐದನೇ ಕ್ಲಾಸಿನ ಮೇಜಿನ ಮೇಲೆ
ಹೀಗೆ ನಮ್ಮ ಆನೆ ಎದ್ದು ನಿಂತಿತು,
ಒಂದು ಗೇಣು ಎತ್ತರ, ಬಾಲಕ್ಕೆ ಸೆಣಬಿನ ದಾರ.

ವಿರಾಜಪೇಟೆಯಲ್ಲಿ ಬಾಗಿಲು ಹಾಕಿದ ಸ್ಟುಡಿಯೋದಿಂದ
ಅರ್ಧ ಬೆಲೆಗೆ ತಂದ ಕ್ಯಾಮೆರಾ.
ಮೂರು ಕಾಲಿನ ಸ್ಟ್ಯಾಂಡಿಗೆ ಎರಡೂವರೆ ಕಾಲು,
ಉಳಿದರ್ಧಕ್ಕೆ ಲೈಬ್ರರಿಯ ನಿಘಂಟು.
ಬೆಂಚಿನ ಸುತ್ತ ನೆಲಕ್ಕೆ ಸೀಮೆಸುಣ್ಣದ ಗೆರೆ:
‘ದಾಟಿದವರಿಗೆ ಬಿಸಿಯೂಟ ಇಲ್ಲ’
ಎಂದು ಸಫ್ರೀನಾ ಬರೆದ ಬೋರ್ಡು.

ಸೆಕೆಂಡಿಗೆ ಹನ್ನೆರಡು ಫೋಟೊ, ಎಂದೆ.
ಕಾಲು ತುಸು ಸರಿಸು, ಕೈ ತೆಗೆ, ಕ್ಲಿಕ್.
ತುಸು ಸರಿಸು, ಕೈ ತೆಗೆ, ಕ್ಲಿಕ್.
ಊಟದ ಗಂಟೆಯ ಹೊತ್ತಿಗೆ ನೂರಾ ನಲವತ್ತು.
ಓಡಿಸಿ ನೋಡಿದರೆ
ಆನೆಯ ಬದಲು ಮೇಜೇ ಎದ್ದು ನಡೆದಂತಿತ್ತು.
ಎಲ್ಲರೂ ನಕ್ಕರು. ನಗದವನು ಒಬ್ಬ,
ಪಣಿಎರವರ ಚುಬ್ರ, ಹಿಂದಿನ ಬೆಂಚು,
ಹಾಜರಿ ಪುಸ್ತಕದಲ್ಲಿ ಹೆಚ್ಚಾಗಿ ಗೈರು.

“ಆನೆ ಹಂಗೆ ನಡೆಯಲ್ಲ, ಮಿಸ್.”
ಎದ್ದು ಬಂದ. ಮಣ್ಣಿನ ಕಾಲನ್ನು ಎರಡು ಬೆರಳಲ್ಲಿ ಹಿಡಿದ.
“ಮುಂಗಾಲು ಎತ್ತಿದ ಜಾಗಕ್ಕೇ ಹಿಂಗಾಲು ಇಡುತ್ತೆ.
ಅದಕ್ಕೇ ಸದ್ದಿಲ್ಲ.”
ಅವನಪ್ಪ ಆನೆ ಓಡಿಸುವ ತಂಡದವನು.
ಪಟಾಕಿ, ಟಾರ್ಚು, ರಾತ್ರಿಯೆಲ್ಲ ತೋಟ.
ನೂರಾ ನಲವತ್ತನ್ನೂ ಅಳಿಸಿದೆ.
ಒತ್ತುವಾಗ ಹೆಬ್ಬೆರಳಿಗೆ ನೋವಾಯಿತು, ಸುಳ್ಳೇಕೆ.

ಮತ್ತೆ ಶುರು. ಉಗುರಿನಷ್ಟು. ಉಗುರಿನಷ್ಟು.
ಅವನ ಕೈಯಲ್ಲಿ ಆನೆಗೆ ತೂಕ ಬಂತು,
ಒಂದು ಭುಜ ಇಳಿದು ಇನ್ನೊಂದು ಏರಿ
ಕಾಫಿ ರೆಂಬೆ ನೆಟ್ಟ ಮೇಜಿನ ತೋಟದೊಳಕ್ಕೆ.
ರಾತ್ರಿ ಒದ್ದೆ ಬಟ್ಟೆ ಹೊದಿಸಿ ಬಾಗಿಲಿಗೆ ಬೀಗ.

ಗುರುವಾರ ಚುಬ್ರ ಬರಲಿಲ್ಲ.
ದಾರಿಯಲ್ಲಿ ಹಿಂಡು ಇತ್ತಂತೆ, ಮರಿಯೂ ಇತ್ತಂತೆ.
ಅವತ್ತು ಯಾರೂ ಮಣ್ಣಿನಾನೆಯನ್ನು ಮುಟ್ಟಲಿಲ್ಲ.
ಹಾಜರಿಗೆ ಪೆನ್ನು ಎತ್ತಿದವಳು
ಅವನ ಮನೆ ಖಾಲಿ ಬಿಟ್ಟೆ.

ಶುಕ್ರವಾರ ಅರ್ಧ ದಾರಿಯಲ್ಲಿ ನಿಲ್ಲಿಸಿದ.
“ಈಗ ವಾಸನೆ ಹಿಡೀತಾ ಇದೆ. ಕಿವಿ ಬೀಸೋದು ನಿಲ್ಲಿಸ್ತು.
ಎರಡು ಸೆಕೆಂಡು.”
ಸರಿ, ಒಂದು ಫೋಟೊ ತೆಗೆದು
ಇಪ್ಪತ್ತನಾಲ್ಕು ಸಲ ಅಂಟಿಸಿದರಾಯಿತು, ಎಂದೆ
ಕೆಲಸ ಬಲ್ಲವಳ ಹಾಗೆ.
“ಬೇಡ ಮಿಸ್. ಅದು ಫೋಟೊ ಆಗುತ್ತೆ.
ಇದು ನಿಂತಿರೋದು.”

ಇಪ್ಪತ್ತನಾಲ್ಕು ಸಲ ಕ್ಲಿಕ್. ಯಾರೂ ಏನೂ ಸರಿಸಲಿಲ್ಲ.
ಹನ್ನೊಂದನೆಯದಕ್ಕೆ ಕಿಟಕಿಯಾಚೆ ಮೋಡ ಬಂತು,
ಹದಿನೇಳಕ್ಕೆ ದೇಚಕ್ಕ ಸೀನಿದಳು,
ಬಾಲದ ದಾರದ ಒಂದೆಳೆ ತಾನಾಗಿ ಬಿಚ್ಚಿಕೊಂಡಿತು.

ಶನಿವಾರ ಲ್ಯಾಪ್‌ಟಾಪಿನ ಮುಂದೆ ಇಪ್ಪತ್ತಾರು ತಲೆ.
ಆನೆ ನಡೆದು ಬಂತು, ಸದ್ದಿಲ್ಲದೆ.
ನಿಂತಿತು.
ಬೆನ್ನ ಮೇಲೆ ಬೆಳಕು ಒಂದು ಕೂದಲೆಳೆ ನಡುಗಿತು,
ಬೆರಳಚ್ಚುಗಳ ಕೆಳಗೆ ಮಣ್ಣು ಉಸಿರು ಹಿಡಿದಿತ್ತು.
ಯಾರೂ ಹೇಳದೆ ಸಫ್ರೀನಾ
ಎರಡೂ ಕಾಲೆತ್ತಿ ಬೆಂಚಿನ ಮೇಲಿಟ್ಟುಕೊಂಡಳು.
ಚುಬ್ರ ಪರದೆ ನೋಡುತ್ತಿರಲಿಲ್ಲ.
ಬಾಗಿಲು ಎಷ್ಟು ದೂರ ಎಂದು ನೋಡುತ್ತಿದ್ದ.

ಆಮೇಲೆ ಕಿವಿ ಬೀಸಿತು.
ಒಟ್ಟು ಹದಿನೆಂಟು ಸೆಕೆಂಡು, ಇನ್ನೂರ ಹದಿನಾರು ಚಿತ್ರ.
ಒಂದರಲ್ಲಿ ಯಾರದೋ ಮೊಣಕೈ ಉಳಿದಿದೆ. ಇರಲಿ.

ಸಿದ್ದಾಪುರದ ಬಸ್ಸಿಗೆ ಕಾಯುತ್ತಿದ್ದೇನೆ ಈಗ.
ರಸ್ತೆಯಾಚೆ ತೋಟ ಪೂರ್ತಿ ಹೂ ಬಿಟ್ಟಿದೆ,
ಈ ಘಮದಲ್ಲಿ ಬೇರೆ ಯಾವ ವಾಸನೆಯೂ ತಿಳಿಯುವುದಿಲ್ಲ.
ಗಿಡಗಳ ನಡುವೆ ಅಲುಗುತ್ತಿದ್ದದ್ದು ಏನೋ
ಅಲುಗುವುದನ್ನು ನಿಲ್ಲಿಸಿದೆ.
ಕ್ಯಾಮೆರಾದ ಚೀಲ ಎದೆಗೊತ್ತಿ
ಎಣಿಸುತ್ತಿದ್ದೇನೆ.
ಹನ್ನೊಂದು. ಮೋಡ.
ಹನ್ನೆರಡು.