ಕೋಡಿ ಬೀಳದ ನಕ್ಷೆ

ಎರಡು ಸಾವಿರದ ನಾನೂರ ಹನ್ನೊಂದು ಲೇಖನಗಳು.
ನಾನು ಓದಿದ್ದು ಹೆಸರು, ಸಾರಾಂಶ, ಕೀಲಿಪದ;
ಮಿಕ್ಕಿದ್ದನ್ನು ತಂತ್ರಾಂಶ ಓದಿತು
ಒಂದು ಲೋಟ ಕಾಫಿ ಆರುವಷ್ಟರಲ್ಲಿ.

ಬಂದದ್ದೊಂದು ಚಿತ್ರ:
ಬಣ್ಣದ ಗುಳ್ಳೆಗಳು, ಗುಳ್ಳೆಯಿಂದ ಗುಳ್ಳೆಗೆ ದಾರ.
ನಡುವೆ ಊದಿಕೊಂಡು ಕೂತದ್ದು ಇಂಗಾಲ ಮಾರುಕಟ್ಟೆ,
ಪಕ್ಕಕ್ಕೆ ಹಸಿರು ಬಾಂಡು, ಹೊಸ ಅಳಿಯನ ಹಾಗೆ.
ಹೊಂದಾಣಿಕೆ ಕೆಳಗೆ, ಎಡಕ್ಕೆ, ಹೆಸರುಕಾಳಿನಷ್ಟು.
ನೀರನ್ನು ಹುಡುಕಲು ಪರದೆ ಹಿಗ್ಗಿಸಬೇಕಾಯಿತು.

ಗೈಡ್ ಅಂದರು: ಪ್ರವೃತ್ತಿ ಸ್ಪಷ್ಟವಾಗಿದೆ ತಸ್ನೀಮ್,
ಒಂದು ಕೇಸ್ ಸ್ಟಡಿ ಸೇರಿಸು,
ಪರೀಕ್ಷಕರಿಗೆ ಹಳ್ಳಿ ಅಂದರೆ ಇಷ್ಟ.

ಹೋದೆ, ಮುಳಬಾಗಿಲು ದಾಟಿ, ಬಸ್ಸಿಳಿದು, ಕೆರೆ ಏರಿಯ ಮೇಲೆ.
ತೂಬಿನ ಕಲ್ಲಿಗೆ ಒರಗಿ ನೀರುಗಂಟಿ ಗಂಗುಲಪ್ಪ.
ಮೂವತ್ತೆರಡು ಪ್ರಶ್ನೆ. ಏಳನೆಯದಕ್ಕೆ ಆಕಳಿಸಿದರು.
ಹವಾಮಾನ ಹಣಕಾಸಿನ ಬಗ್ಗೆ ತಮಗಿರುವ ಅರಿವು:
ತುಂಬಾ, ಸ್ವಲ್ಪ, ಇಲ್ಲ.
ಮೂರಕ್ಕೂ ನಕ್ಕರು. ಇಲ್ಲ ಎಂಬಲ್ಲಿ ಗುರುತು ಹಾಕಿದೆ.

ಫೈಲಿನಿಂದ ಜಾರಿದ ಚಿತ್ರ ಎತ್ತಿಕೊಂಡವರು ಅವರೇ.
ತಲೆಕೆಳಗೆ ಹಿಡಿದು, ತಿರುಗಿಸಿ, ಕಣ್ಣಿಂದ ದೂರವಿಟ್ಟು,
"ಇದ್ಯಾವ ಸೀಮೆ ಕೆರೆಸಾಲು ತಾಯಿ?"
ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳು ಹೊರಟಿತ್ತು
ದಾರದುದ್ದಕ್ಕೂ, ಕಾಲುವೆ ಬದಿ ನಡೆದಂತೆ:
"ಇದು ಮೇಲ್ಗೆರೆ. ತುಂಬೈತೆ, ತುಂಬಿ ಹೊಟ್ಟೆ ಉಬ್ಬರಿಸೈತೆ.
ಇದು ಅದರ ಕೈಕೆಳಗಿಂದು, ಇದಕ್ಕೂ ಬಂದೈತೆ.
ಈ ಕುಂಟೆ ಮಾತ್ರ ಯಾಕೆ ಹಿಂಗೆ ಒಣಗೈತೆ?
ಮೇಲಿಂದು ತುಂಬಿದ ಮ್ಯಾಲೆ ಕೋಡಿ ಬೀಳಬೇಕಲ್ಲ.
ಬಿದ್ದಿಲ್ಲ ಅಂದ್ರೆ ಅದು ಮಳೆ ತಪ್ಪಲ್ಲ.
ಕೋಡಿ ಮೇಲೆ ಯಾರೋ ಕಲ್ಲು ಏರಿಸವ್ರೆ.
ರಾತ್ರಿ ಹೊತ್ತು ಏರಿಸ್ತಾರೆ.
ಎರಡು ಸಲ ಇಳಿಸಿದೀನಿ. ಏಟೂ ತಿಂದಿದೀನಿ."

ನನ್ನ ಐದನೆಯ ಅಧ್ಯಾಯ:
ನಿಧಿ ಹರಿವಿನ ಅಸಮತೋಲನ, ಸಂಭಾವ್ಯ ಕಾರಣಗಳು.
ಹದಿನಾಲ್ಕು ಕೊಟ್ಟಿದ್ದೆ, ಅಡಿಟಿಪ್ಪಣಿ ಸಮೇತ.
ಕಲ್ಲು ಇರಲಿಲ್ಲ.

ನಿಮಗೆ ಯಾರು ಕೊಡ್ತಾರೆ, ಕೇಳಿದೆ, ಎಷ್ಟು?
"ನಮ್ಮಪ್ಪಂಗೆ ಕಣದಲ್ಲಿ ಕೊಡೋರು, ಎಕರೆಗೆ ಇಷ್ಟು ಸೇರು ಅಂತ.
ಕೆರೆ ತುಂಬದ ವರ್ಷ ಅರ್ಧ.
ಒಣಗಿದ ಕೆರೇನೂ ಕಾಯಬೇಕಲ್ಲ.
ಟವಲ್ ಒಡ್ಡಿದ್ರೆ ಮೇಲಿಂದ ಸುರಿಯೋರು, ಕೈ ತಾಗದಂಗೆ.
ಅದನ್ನೂ ಬರ್ಕೋ.
ಈಗ ಎಲ್ಲಾರ್ಗೂ ಬೋರು. ಬೋರಿಗೆ ನೀರುಗಂಟಿ ಬ್ಯಾಡ."
ಮತ್ತೆ ಯಾಕೆ ಬಂದು ಕೂರ್ತೀರಿ?
ಬೀಡಿ ಹಚ್ಚಿದರು. ಕೆರೆಯಲ್ಲಿ ಮೊಣಕಾಲುದ್ದ ನೀರು,
ಅದರೊಳಗೆ ಒಂದು ಎಮ್ಮೆ, ಎಮ್ಮೆಯ ಮೇಲೊಂದು ಬೆಳ್ಳಕ್ಕಿ.

ಕೋಲಾರಕ್ಕೆ ಬಂದು ಉಲ್ಲೇಖದ ಪಟ್ಟಿ ತೆರೆದೆ.
ಲೇಖಕರು: ಗಂಗುಲಪ್ಪ. ವರ್ಷ? ಪ್ರಕಾಶಕರು? ಪುಟ?
ಕುಲನಾಮದ ಜಾಗ ಖಾಲಿ ಬಿಡುವಂತಿಲ್ಲ ಎಂದಿತು ತಂತ್ರಾಂಶ,
ಕೆಂಪು ಅಕ್ಷರದಲ್ಲಿ.
ನೀರುಗಂಟಿ, ಎಂದು ತುಂಬಿದೆ. ಒಪ್ಪಿಕೊಂಡಿತು.

ಚಿತ್ರದ ಮೇಲೆ, ಎರಡು ಗುಳ್ಳೆಗಳ ನಡುವೆ,
ಅವರ ಹೆಬ್ಬೆರಳಿನ ಕೆಸರು ಒಣಗಿ ಉದುರುತ್ತಿದೆ.
ಏಳನೆಯ ಪ್ರಶ್ನೆಯ ಗುರುತು ಮಾತ್ರ
ಪೆನ್ನಿನದು.